ಎಂಟು ಖಾಲಿ ಚೀಲಗಳು

ಕಳೆದ ಭಾನುವಾರ ನಮ್ಮ ಮನೆಯ ಚಾವಡಿಯಲ್ಲಿ ಎರಡು ಪಟ್ಟಿಗಳು ಎದುರುಬದುರಾಗಿದ್ದವು. ಒಂದು, ಎಂಟನೆಯ ತರಗತಿಯಲ್ಲಿ ಓದುತ್ತಿರುವ ಮಗಳು ಮೂರು ದಿನಗಳ ಗೈಡ್ಸ್ ಶಿಬಿರಕ್ಕೆಂದು ಬರೆದುಕೊಂಡದ್ದು. ಇನ್ನೊಂದು, ಅಮೆರಿಕದ ಅಲಾಸ್ಕಾ ರಾಜ್ಯದಿಂದ ನನ್ನ ಫೋನಿಗೆ ಬಂದದ್ದು. ಕಳುಹಿಸಿದವನು ನಮ್ಮೂರ ಕನ್ನಡ ಶಾಲೆಯಲ್ಲಿ ನನ್ನೊಡನೆ ಒಂದೇ ಬೆಂಚಿನಲ್ಲಿ ಕುಳಿತಿದ್ದ ಗೆಳೆಯ. ಉದ್ಯೋಗದ ನಿಮಿತ್ತ ಅಲ್ಲಿ ನೆಲೆಸಿರುವ ಅವನು ಕಳೆದ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿಗಳ ಮೂಸ್ ಬೇಟೆಗೆ ಹೊರೆಯಾಳಾಗಿ ಜೊತೆಗೂಡಿದ್ದನಂತೆ. ಆ ಪ್ರವಾಸದ ಸಾಮಾನುಗಳ ಪಟ್ಟಿಯದು.

ಮಗಳು ನನ್ನ ಹೆಗಲ ಮೇಲಿಂದ ಇಣುಕಿ ಓದಿದಳು. "ಅಪ್ಪಾ, ಕೋವಿಯ ಹೆಸರು ಎಲ್ಲೋ ಕೆಳಗೆ ಇದೆಯಲ್ಲ! ಮೊದಲನೆಯ ಸಾಲಿನಲ್ಲೇ ಎಂಟು ಖಾಲಿ ಚೀಲಗಳು. ಅದು ಯಾಕೆ?"

ವಕೀಲನಾದವನಿಗೆ ದಸ್ತಾವೇಜನ್ನು ಓದುವುದು ವೃತ್ತಿ. ಆದರೂ ನನಗೆ ಹೊಳೆಯದ ಪ್ರಶ್ನೆ ಅವಳಿಗೆ ಹೊಳೆದಿತ್ತು. ಅದನ್ನೇ ಗೆಳೆಯನಿಗೆ ಕೇಳಿದೆ. "ಕೋವಿಯ ಕೆಲಸ ಒಂದು ಕ್ಷಣದ್ದು ಮಾರಾಯ, ಚೀಲದ ಕೆಲಸ ಮೂರು ದಿನದ್ದು" ಎಂದ.

ಮೂಸ್ ಎಂದರೆ ಜಿಂಕೆಯ ಕುಲದಲ್ಲಿ ಅತ್ಯಂತ ದೊಡ್ಡ ಪ್ರಾಣಿ, ನಮ್ಮ ಕಡವೆಯ ದೂರದ ಬಂಧು. ಅಲಾಸ್ಕಾದ ದೊಡ್ಡ ಗಂಡು ಮೂಸ್ ಭುಜದ ಬಳಿ ಆರಡಿಗಿಂತಲೂ ಎತ್ತರವಾಗಿ, 700 ಕಿಲೋಗ್ರಾಂ ಮೀರಿ ತೂಗುವುದುಂಟು. ಅಂಥದೊಂದರಿಂದ ಸುಮಾರು 225 ಕಿಲೋ ಮಾಂಸ ದೊರೆಯುತ್ತದೆ. ನಾಲ್ಕೂವರೆ ಗೋಣಿ ಸಿಮೆಂಟಿನ ಭಾರ. ಅದು ಬಿದ್ದ ಜಾಗಕ್ಕೆ ರಸ್ತೆಯಿಲ್ಲ, ಜೀಪಿಲ್ಲ. ಇರುವುದು ಜೌಗು, ಪೊದೆ ಮತ್ತು ಮನುಷ್ಯನ ಬೆನ್ನು. ಒಬ್ಬನು ಒಂದು ಸಲಕ್ಕೆ 35 ಕಿಲೋ ಹೊತ್ತರೂ ಏಳು ಹೊರೆಗಳಾಗುತ್ತವೆ. ಬಿಡಾರ ಎರಡು ಕಿಲೋಮೀಟರ್ ದೂರವಿದ್ದರೆ ಹೊತ್ತು ನಡೆಯುವುದೇ ಹದಿನಾಲ್ಕು ಕಿಲೋಮೀಟರ್. ಬರಿ ಬೆನ್ನಿನಲ್ಲಿ ಮರಳುವ ನಡಿಗೆ ಬೇರೆ.

ಹೊರಲಾಗದಷ್ಟನ್ನು ಅಲ್ಲೇ ಬಿಟ್ಟುಬರಬಹುದಲ್ಲವೇ ಎಂದು ಕೇಳಬಹುದು. ಕೂಡದು. ಆ ರಾಜ್ಯದ ಕಾನೂನು ಕುತ್ತಿಗೆ, ಎದೆ, ಪಕ್ಕೆಲುಬು, ಮುಂಗಾಲು, ಹಿಂಗಾಲು, ಬೆನ್ನು ಎಂದು ದೇಹಭಾಗಗಳನ್ನು ಹೆಸರಿಸಿ, ಅವುಗಳಲ್ಲಿರುವ ತಿನ್ನಲು ಯೋಗ್ಯವಾದ ಮಾಂಸವನ್ನೆಲ್ಲ ಕಾಡಿನಿಂದ ಹೊರತರಬೇಕೆಂದು ವಿಧಿಸುತ್ತದೆ. ತಪ್ಪಿದರೆ ದಂಡವೂ ಉಂಟು, ಸೆರೆವಾಸವೂ ಉಂಟು. ಗೋಡೆಗೆ ತೂಗುಹಾಕುವ ಕೊಂಬು ಮಾಂಸಕ್ಕಿಂತ ಮೊದಲು ಕಾಡು ಬಿಟ್ಟು ಹೊರಬರಕೂಡದು. ಬಂದರೆ ಕೊನೆಯ ಹೊರೆಯೊಂದಿಗೆ ಬರಬೇಕು. ಜಂಬದ ವಸ್ತುವಿಗೆ ಕೊನೆಯ ಸ್ಥಾನ ಕೊಟ್ಟ ಈ ನಿಯಮವನ್ನು ರೂಪಿಸಿದವರು ಮನುಷ್ಯಸ್ವಭಾವವನ್ನು ಚೆನ್ನಾಗಿ ಬಲ್ಲವರಾಗಿರಬೇಕು.

ಈಗ ಪಟ್ಟಿಯ ಮೊದಲ ಸಾಲಿಗೆ ಅರ್ಥ ಬಂದಿತು. ಆ ಎಂಟು ಚೀಲಗಳು ಗಾಳಿಯಾಡುವ, ಆದರೆ ನೊಣ ನುಸುಳದ ಬಟ್ಟೆಯವು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬಿಸಿಯೂ ತೇವವೂ ಒಳಗೇ ನಿಂತು ಮಾಂಸ ಕೆಡುತ್ತದೆ. ದಪ್ಪ ತೊಗಲು ಮೈಯ ಬಿಸಿಯನ್ನು ಹೊರಬಿಡದಿರುವುದರಿಂದ ಬೇಗನೆ ಸುಲಿಯಬೇಕು. ಅದಕ್ಕೆ ಎರಡು ಮೂರು ಹರಿತವಾದ ಚೂರಿ, ಮಸೆಗಲ್ಲು, ಚಿಕ್ಕ ಗರಗಸ. ಸುಲಿದದ್ದನ್ನು ನೆರಳಿನಲ್ಲಿ ತೂಗುಹಾಕಲು ಹಗ್ಗ. ಮಳೆ ತಾಗದಂತೆ ಮೇಲೆ ಕಟ್ಟಲು ಟಾರ್ಪಾಲು. ಹೊರಲು ಲೋಹದ ಚೌಕಟ್ಟಿರುವ ಬೆನ್ನುಚೀಲ. ಪಟ್ಟಿಯ ಅರ್ಧಭಾಗ ಗುಂಡು ಹಾರಿದ ಅನಂತರದ ಕೆಲಸಕ್ಕೆ ಸೇರಿದ್ದು.

ಗುಂಡು ಹಾರುವ ಮೊದಲಿನ ಸಾಮಾನುಗಳಲ್ಲಿ ಮುಖ್ಯವಾದದ್ದು ದೂರದರ್ಶಕ. ಹಲವು ವಲಯಗಳಲ್ಲಿ ಗಂಡು ಮೂಸಿನ ಕೊಂಬಿನ ಹರಹು ಕನಿಷ್ಠ 50 ಅಂಗುಲ ಇರಬೇಕು, ಇಲ್ಲವೇ ಕೊಂಬಿನ ಕವಲುಗಳ ಸಂಖ್ಯೆ ನಿಯಮಕ್ಕೆ ಹೊಂದಬೇಕು. ಪಟ್ಟಿಯಲ್ಲಿ ಅಳತೆಯ ಟೇಪೂ ಇದೆ. ಆದರೆ ಟೇಪು ಹಿಡಿಯಲಾಗುವುದು ಪ್ರಾಣಿ ಸತ್ತ ಮೇಲೆ. 48 ಅಂಗುಲವೆಂದು ಆಗ ತಿಳಿದರೆ ಅದು ಪಶ್ಚಾತ್ತಾಪ ಮಾತ್ರ. ಆದುದರಿಂದ ಸಂಶಯವಿದ್ದಲ್ಲಿ ಹಾರಿಸದಿರುವುದೇ ಅಲ್ಲಿಯ ಹಿರಿಯರ ನಡವಳಿಕೆ. ಸಂಶಯದ ಲಾಭ ನ್ಯಾಯಾಲಯದಲ್ಲಿ ಆರೋಪಿಗೆ, ಅಲ್ಲಿ ಮೂಸಿಗೆ.

ಬಟ್ಟೆಯ ವಿಷಯದಲ್ಲಿ ಒಂದೇ ಕಟ್ಟಪ್ಪಣೆ: ಹತ್ತಿಯದು ಬೇಡ. ನಮ್ಮ ಸೆಕೆಗೆ ಹಿತವಾದ ಹತ್ತಿ, ಅಲ್ಲಿಯ ಸೆಪ್ಟೆಂಬರಿನ ಮಳೆಗೆ ಒದ್ದೆಯಾದರೆ ಮೈಯ ಬಿಸಿಯನ್ನೇ ಹೀರಿಬಿಡುತ್ತದೆ. ಉಣ್ಣೆ ನೆನೆದರೂ ತಕ್ಕಮಟ್ಟಿಗೆ ಬೆಚ್ಚಗಿಡುತ್ತದೆ. ನಾಟಿಯ ಹೊಲದಲ್ಲಿ ಗೊರಬೆ ಹಾಕಿ ಬೆನ್ನು ಕಾದುಕೊಂಡ ನಮ್ಮ ಅಜ್ಜಿಯಂದಿರಿಗೆ ಇದನ್ನು ವಿವರಿಸಬೇಕಾಗಿರಲಿಲ್ಲ. ಉಳಿದಂತೆ ತೊಡೆಯವರೆಗಿನ ರಬ್ಬರ್ ಬೂಟು, ಬೆಂಕಿಪೊಟ್ಟಣ, ತಲೆದೀಪ, ನಕ್ಷೆ, ದಿಕ್ಸೂಚಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಮೊಬೈಲಿಗೆ ಸಿಗ್ನಲ್ ಇಲ್ಲದಲ್ಲಿ ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಚಿಕ್ಕ ಯಂತ್ರ. ಕರಡಿಯನ್ನು ಹಿಮ್ಮೆಟ್ಟಿಸುವ ಮೆಣಸಿನ ಸ್ಪ್ರೇಯನ್ನೂ ಒಲೆಯ ಇಂಧನವನ್ನೂ ಪ್ರಯಾಣಿಕರ ವಿಮಾನದಲ್ಲಿ ಒಯ್ಯುವಂತಿಲ್ಲ. ಇಳಿದ ಊರಿನಲ್ಲೇ ಕೊಳ್ಳಬೇಕು. ಅಲ್ಲಿಂದ ಮುಂದೆ ಕಾಡಿಗೆ ಒಯ್ಯುವ ಪುಟ್ಟ ವಿಮಾನಕ್ಕೆ ಗಟ್ಟಿ ಪೆಟ್ಟಿಗೆಗಿಂತ ಮೆತ್ತನೆಯ ಚೀಲವೇ ಲೇಸು. ಹವೆ ಕೆಟ್ಟರೆ ಆ ವಿಮಾನ ಹೇಳಿದ ದಿನ ಬರುವುದಿಲ್ಲವಾದ್ದರಿಂದ ಕೆಲವು ದಿನಗಳ ಹೆಚ್ಚಿನ ಆಹಾರವೂ ಬೇಕು. ವಿಮಾನದಲ್ಲಿ ಹಾರಿದ ದಿನವೇ ಬೇಟೆಯಾಡಲಿಕ್ಕಿಲ್ಲ. ಮರುದಿನ ಬೆಳಗಿನ ಜಾವ ಮೂರು ಗಂಟೆ ಕಳೆಯಬೇಕೆಂಬುದೂ ನಿಯಮ.

ಸಾಮಾನೊಂದು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದ ಕಥೆಯೂ ಇದೆ. ಜಾನ್ ಸ್ಟರ್ಜನ್ ಎಂಬ ಅಲಾಸ್ಕಾದ ಬೇಟೆಗಾರ, ಕಡಿಮೆ ನೀರಿನ ಮೇಲೂ ಜಾರಿಹೋಗುವ ಹೋವರ್‌ಕ್ರಾಫ್ಟ್ ಎಂಬ ವಾಹನದಲ್ಲಿ ವರ್ಷವರ್ಷವೂ ಮೂಸ್ ಬೇಟೆಗೆ ಹೋಗುತ್ತಿದ್ದರು. 2007ರಲ್ಲಿ ನೇಷನ್ ನದಿಯ ದಂಡೆಯಲ್ಲಿ ಅದನ್ನು ದುರಸ್ತಿ ಮಾಡುತ್ತಿದ್ದಾಗ ರಾಷ್ಟ್ರೀಯ ಉದ್ಯಾನ ಸೇವೆಯ ಸಿಬ್ಬಂದಿ ಬಂದು, ಇಲ್ಲಿ ಈ ವಾಹನ ನಿಷಿದ್ಧ ಎಂದರು. ಅವರು ಆಕ್ಷೇಪಿಸಿದರೂ ಅಪ್ಪಣೆಗೆ ಮಣಿದು, ಬೇಟೆಯಿಲ್ಲದೆ ಮನೆಗೆ ಮರಳಿ, ಮುಂದೆ ನ್ಯಾಯಾಲಯಕ್ಕೆ ಹೋದರು. ಕೆಳಗಿನ ನ್ಯಾಯಾಲಯಗಳಲ್ಲಿ ಸೋತರೂ 2016ರಲ್ಲಿ ಒಮ್ಮೆ, 2019ರಲ್ಲಿ ಮತ್ತೊಮ್ಮೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಸರ್ವಾನುಮತದಿಂದ ಅವರ ಪರ ನಿಂತಿತು. ಅಲಾಸ್ಕಾಕ್ಕಾಗಿಯೇ 1980ರಲ್ಲಿ ಮಾಡಿದ ವಿಶೇಷ ಕಾಯಿದೆಯ ಪ್ರಕಾರ ಆ ನದಿ ಉದ್ಯಾನ ಸೇವೆಯ ಸಾಮಾನ್ಯ ನಿಯಮಗಳಿಗೆ ಒಳಪಡುವುದಿಲ್ಲವೆಂದು ತೀರ್ಪಾಯಿತು. ಅಪ್ಪಣೆಯನ್ನು ಆ ಕ್ಷಣಕ್ಕೆ ಪಾಲಿಸಿ, ಅದರ ಸಿಂಧುತ್ವವನ್ನು ಬಳಿಕ ಪ್ರಶ್ನಿಸಿದ ಆ ತಾಳ್ಮೆಯನ್ನು ನನ್ನ ಕಕ್ಷಿದಾರರಿಗೆ ಹೇಳುವ ಆಸೆ ನನಗೆ ಆಗಾಗ ಆಗುತ್ತದೆ.

ಬೇಟೆಯ ಕುರಿತು ಓದುಗರಿಗೆ ತಮ್ಮ ತಮ್ಮ ನಿಲುವುಗಳಿರಬಹುದು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, ತನ್ನ ಅನುಸೂಚಿಗಳಲ್ಲಿ ಹೆಸರಿಸಿದ ಪ್ರಾಣಿಗಳ ಬೇಟೆಯನ್ನು ನಿಷೇಧಿಸಿದೆ. ಅಲಾಸ್ಕಾಕ್ಕೇ ಹೋಗಿ ಆಡುತ್ತೇನೆಂದರೂ, ಇಲ್ಲಿಂದ ಹೋಗುವ ವಿದೇಶೀಯನು ಪರವಾನಗಿಯುಳ್ಳ ಮಾರ್ಗದರ್ಶಕನಿಲ್ಲದೆ ಮೂಸ್ ಬೇಟೆಯಾಡುವಂತಿಲ್ಲ. ನಾನು ಹೇಳಹೊರಟದ್ದು ಬೇಟೆಯ ಹಿರಿಮೆಯನ್ನಲ್ಲ, ಆ ಪಟ್ಟಿಯ ವಿವೇಕವನ್ನು.

ಗೆಳೆಯ ಕಂಡ ಒಂದು ಸಂಜೆಯ ಸಂಗತಿಯಿದು. ಜೌಗಿನ ಆಚೆ ಬದಿಯಲ್ಲಿ ಗಂಡು ಮೂಸೊಂದು ಬಂದು ನಿಂತಿತು. ಕೊಂಬು 50 ಅಂಗುಲಕ್ಕೆ ಎಷ್ಟೋ ಮಿಗಿಲು. ತಂಡದ ಹಿರಿಯನು ದೂರದರ್ಶಕದಲ್ಲಿ ಮೊದಲು ಪ್ರಾಣಿಯನ್ನೂ ಆಮೇಲೆ ನಡುವಣ ಜೌಗನ್ನೂ ನೋಡಿ ಕೋವಿಯನ್ನು ಕೆಳಗಿಟ್ಟನು. "ಕೊಲ್ಲಬಹುದು, ತರಲಾಗದು" ಎಂದಷ್ಟೇ ಹೇಳಿದನಂತೆ. ಎಂಟರಲ್ಲಿ ಒಂದು ಚೀಲವೂ ತುಂಬದೆ ಅವರು ಮರಳಿದರು. "ಬೇಸರವಾಗಲಿಲ್ಲವೇ?" ಎಂದು ಕೇಳಿದೆ. "ಆಯಿತು. ಆದರೆ ಆ ಜೌಗಿನಲ್ಲಿ ಹೊರೆ ಹೊರಬೇಕಾದವನು ನಾನಲ್ಲವೇ ಮಾರಾಯ, ರಾತ್ರಿ ಒಳ್ಳೆಯ ನಿದ್ದೆ ಬಂತು" ಎಂದ.

ಇದನ್ನೆಲ್ಲ ಮಗಳಿಗೆ ಹೇಳಿದೆ. ಅವಳೇನೂ ಉತ್ತರಿಸಲಿಲ್ಲ. ಪೆನ್ನು ತೆಗೆದು ತನ್ನ ಪಟ್ಟಿಯ ನೆತ್ತಿಯಲ್ಲಿ ಒಂದು ಸಾಲು ಸೇರಿಸಿದಳು: "ಒದ್ದೆ ಬಟ್ಟೆ ತರಲು ಖಾಲಿ ಚೀಲ – 1."