ಬಾಣಂತಿಯ ಕೂದಲು ಉದುರಿದರೆ ನೀರನ್ನು ದೂರಬೇಡಿ, ಅವಳನ್ನೂ ದೂರಬೇಡಿ

ಮಗು ಹುಟ್ಟಿದ ಏಳನೇ ದಿನ ನಾವು ಮಗುವಿನ ತಲೆಕೂದಲು ತೆಗೆದು, ಅದನ್ನು ತೂಗಿ, ಆ ತೂಕದ ಬೆಳ್ಳಿಯ ಬೆಲೆಯನ್ನು ಸದಕ ಕೊಡುತ್ತೇವೆ. ಅಖೀಕ ಕೊಡುತ್ತೇವೆ, ಹೆಸರಿಡುತ್ತೇವೆ, ಕುಟುಂಬದವರನ್ನು ಕರೆದು ಊಟ ಹಾಕುತ್ತೇವೆ. ಒಳ್ಳೆಯ ಸುನ್ನತ್. ಆದರೆ ಮೂರ್ನಾಲ್ಕು ತಿಂಗಳು ಕಳೆದು ಅದೇ ಮಗುವಿನ ತಾಯಿಯ ಕೂದಲು ಬಾಚಣಿಗೆ ತುಂಬ ಬರಲು ಶುರುವಾದಾಗ ನಮ್ಮಲ್ಲಿ ವಿಚಾರಿಸುವವರು ಕಡಿಮೆ. ವಿಚಾರಿಸಿದರೂ ಆ ರೀತಿ ಬೇರೆ. "ಎಂತ ಇದು, ತಲೆ ಎಲ್ಲ ಖಾಲಿ ಆಯ್ತಲ್ಲ? ಮದುವೆಗೆ ಬಂದಾಗ ಎಷ್ಟು ಉದ್ದ ಜಡೆ ಇತ್ತು!" ಎಂದು ಎಲ್ಲರ ಎದುರು ಹೇಳಿಬಿಡುತ್ತೇವೆ. ಹೇಳಿದವರು ಮರೆತುಬಿಡುತ್ತಾರೆ. ಕೇಳಿದವಳು ರಾತ್ರಿಯಿಡೀ ನೆನಪಿಟ್ಟುಕೊಳ್ಳುತ್ತಾಳೆ.

ಇದು ಹೆಂಗಸರ ವಿಷಯ, ಉಸ್ತಾದರಿಗೆ ಇದರಲ್ಲಿ ಏನು ಕೆಲಸ ಎಂದು ಕೆಲವರು ಕೇಳಬಹುದು. ಕೆಲಸ ಉಂಟು. ತುಮಕೂರಿನ ಶೆಟ್ಟಿಹಳ್ಳಿಯಂಥ ಕಡೆ ಮದ್ರಸದಲ್ಲಿ ಕಲಿಸುವವರ ಬಳಿಗೆ ಎಣ್ಣೆ ಬಾಟಲಿ ಹಿಡಿದುಕೊಂಡು ಗಂಡಂದಿರು ಬರುತ್ತಾರೆ. "ಉಸ್ತಾದ್, ಇದಕ್ಕೊಂದು ಮಂತ್ರಿಸಿ ಕೊಡಿ, ಮನೆಯವಳ ಕೂದಲು ತುಂಬ ಹೋಗ್ತಾ ಉಂಟು, ಯಾರದೋ ಕಣ್ಣು ಬಿದ್ದಿದೆ" ಎನ್ನುತ್ತಾರೆ. ಕಣ್ಣು ತಾಗುವುದು ಉಂಟು ಎಂದು ಹದೀಸ್‌ಗಳಲ್ಲೇ ಇದೆ. ಕುರ್‌ಆನ್ ಓದಿ ದುಆ ಮಾಡುವುದರಲ್ಲಿ ತಪ್ಪಿಲ್ಲ. ಆದರೆ ಅಲ್ಲಾಹನು ಮದ್ದು ಇಲ್ಲದ ಕಾಯಿಲೆಯನ್ನು ಇಳಿಸಿಲ್ಲವೆಂದು ಕಲಿಸಿದವರೂ ನಮ್ಮ ಪ್ರವಾದಿಯವರೇ(ಸ). ಹಾಗಾಗಿ ಓದಿ ಊದಿದ ಎಣ್ಣೆಯ ಜೊತೆಗೆ ಒಂದು ಮಾತನ್ನೂ ಕಳಿಸಿಕೊಡಬೇಕಾಗುತ್ತದೆ: "ಒಮ್ಮೆ ಡಾಕ್ಟರರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ."

ಬೇಕರಿ, ಹೋಟೆಲ್, ಫ್ಯಾನ್ಸಿ ಅಂಗಡಿ ಎಂದು ಕರಾವಳಿಯಿಂದ ಬಂದು ಘಟ್ಟದ ಮೇಲೆ ನೆಲೆಸಿದ ನಮ್ಮ ಮನೆಗಳಲ್ಲಿ ಈ ವಿಷಯಕ್ಕೆ ಒಂದು ಸಿದ್ಧ ಉತ್ತರ ಇದೆ: "ಇಲ್ಲಿನ ನೀರು ಸರಿಯಿಲ್ಲ." ಊರಲ್ಲಿ ಬಾವಿ ನೀರು, ಇಲ್ಲಿ ಬೋರ್‌ವೆಲ್ ನೀರು. ನಲ್ಲಿಯಲ್ಲಿ ಬುಗುಡನಹಳ್ಳಿ ಕೆರೆಯ ಹೇಮಾವತಿ ನೀರು ಬಾರದ ದಿನ ಸೋಪು ಹಚ್ಚಿದರೆ ನೊರೆ ಬರುವುದಿಲ್ಲ, ಬಕೆಟಿನಲ್ಲಿ ಬಿಳಿ ಕರೆ ಕಟ್ಟುತ್ತದೆ. ಗಡಸು ನೀರಿನಿಂದ ಕೂದಲು ಒರಟಾಗುತ್ತದೆ, ಸಿಕ್ಕಾಗುತ್ತದೆ, ನಡುವೆ ತುಂಡಾಗಲೂಬಹುದು. ಅಷ್ಟು ಸರಿ. ಆದರೆ ಬಾಣಂತಿಯ ಕೂದಲು ನಡುವೆ ತುಂಡಾಗುವುದಿಲ್ಲ, ಬುಡಸಮೇತ ಬರುತ್ತದೆ. ಅದು ನೀರಿನ ಕೆಲಸ ಅಲ್ಲ.

ಹಾಗಾದರೆ ಊರಿಂದ ಇಲ್ಲಿಗೆ ಬಂದ ಮೇಲೆಯೇ ಏಕೆ ಉದುರಲು ಶುರುವಾಯಿತು? ಲೆಕ್ಕ ಹಾಕಿ ನೋಡಿ. ನಮ್ಮ ಹುಡುಗಿಯರು ಹೆರಿಗೆಗೆ ಉಮ್ಮನ ಮನೆಗೆ ಹೋಗುತ್ತಾರೆ. ನಲವತ್ತು ಮುಗಿಸಿ, ಇನ್ನೂ ಒಂದು ತಿಂಗಳು ಇದ್ದು, ಎರಡೂವರೆ ಮೂರು ತಿಂಗಳಿಗೆ ಗಂಡನ ಮನೆಗೆ ವಾಪಸಾಗುತ್ತಾರೆ. ಹೆರಿಗೆಯ ನಂತರದ ಕೂದಲು ಉದುರುವಿಕೆ ಶುರುವಾಗುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕು ತಿಂಗಳ ನಡುವೆ. ಅವಳು ಮಂಗಳೂರಿನಲ್ಲೇ ಉಳಿದಿದ್ದರೂ, ದುಬೈಯಲ್ಲಿದ್ದರೂ ಅದೇ ಹೊತ್ತಿಗೆ ಉದುರುತ್ತಿತ್ತು. ದಿನ ಎರಡೂ ಒಟ್ಟಿಗೆ ಬಂದದ್ದರಿಂದ ನೀರಿನ ಮೇಲೆ ಅಪವಾದ ಬಂತು, ಅಷ್ಟೇ. ಮಗು ನಗಲು, ಗುರುತು ಹಿಡಿಯಲು ಶುರು ಮಾಡಿದಾಗ ತಾಯಿಯ ಕೂದಲು ಹೋಗುತ್ತದೆ ಎಂದು ಕೆಲವರು ಹೇಳುವುದೂ ಹೀಗೆಯೇ. ಮಗು ನಗುವುದೂ ಆ ತಿಂಗಳುಗಳಲ್ಲೇ.

ಇದರ ಒಳಗಿನ ಕಾರಣವನ್ನು ವೈದ್ಯರು ಸರಳವಾಗಿ ವಿವರಿಸುತ್ತಾರೆ. ನಮ್ಮ ತಲೆಯ ನೂರು ಕೂದಲಲ್ಲಿ ಸುಮಾರು 85ರಿಂದ 90 ಬೆಳೆಯುತ್ತಾ ಇರುತ್ತವೆ, ಉಳಿದವು ವಿಶ್ರಾಂತಿಯಲ್ಲಿರುತ್ತವೆ. ವಿಶ್ರಾಂತಿಗೆ ಹೋದ ಕೂದಲು ಎರಡು ಮೂರು ತಿಂಗಳಲ್ಲಿ ಉದುರಿ, ಆ ಜಾಗದಲ್ಲಿ ಹೊಸದು ಬರುತ್ತದೆ. ಆರೋಗ್ಯವಂತರಿಗೂ ದಿನಕ್ಕೆ 50ರಿಂದ 100 ಕೂದಲು ಹೋಗುವುದು ಸಹಜ. ಬಸುರಿಯಾಗಿದ್ದಾಗ ಹಾರ್ಮೋನು ಹೆಚ್ಚಿರುವುದರಿಂದ ಉದುರಬೇಕಾದ ಕೂದಲೂ ಉದುರದೆ ನಿಲ್ಲುತ್ತದೆ. ಅದಕ್ಕೇ ಆಗ ಜಡೆ ದಪ್ಪ ಕಾಣುವುದು. ಹೆರಿಗೆಯಾದ ಕೂಡಲೇ ಹಾರ್ಮೋನು ಇಳಿಯುತ್ತದೆ, ತಡೆದು ನಿಂತಿದ್ದ ಕೂದಲೆಲ್ಲ ಒಟ್ಟಿಗೆ ವಿಶ್ರಾಂತಿಗೆ ಹೋಗಿ ಕೆಲವು ತಿಂಗಳ ಮೇಲೆ ಒಟ್ಟಿಗೆ ಉದುರುತ್ತದೆ. ಇದಕ್ಕೆ ಟೆಲೋಜನ್ ಎಫ್ಲುವಿಯಂ ಎನ್ನುತ್ತಾರೆ. ಬೇರು ಸತ್ತಿರುವುದಿಲ್ಲ. ಹೆಚ್ಚಿನವರಿಗೆ ಮಗುವಿಗೆ ಒಂದು ವರ್ಷ ಆಗುವ ಹೊತ್ತಿಗೆ ಸರಿಯಾಗುತ್ತದೆ. ಹಾಲುಣಿಸುವುದರಿಂದ ಕೂದಲು ಹೋಗುತ್ತದೆ ಎಂದು ಹೆದರಿ ಮಗುವಿಗೆ ಹಾಲು ಬಿಡಿಸುವುದು ಬೇಡ. ಹಣೆಯ ಮೇಲೆ, ಸ್ಕಾರ್ಫಿನ ಅಂಚಿನಲ್ಲಿ ಚಿಕ್ಕ ಚಿಕ್ಕ ಕೂದಲು ನಿಂತಿದ್ದರೆ ಅದು ತುಂಡಾದದ್ದಲ್ಲ, ಹೊಸದಾಗಿ ಹುಟ್ಟಿದ್ದಾಗಿರಬಹುದು. ಕೂದಲು ತಿಂಗಳಿಗೆ ಬೆಳೆಯುವುದೇ ಸುಮಾರು ಒಂದು ಸೆಂಟಿಮೀಟರ್. ಜಡೆ ಮೊದಲಿನಂತೆ ಆಗಲು ಸಬರ್ ಬೇಕು.

ಆದರೆ "ತನ್ನಿಂದ ತಾನೇ ಸರಿಯಾಗುತ್ತದೆ" ಎಂದು ಎಲ್ಲವನ್ನೂ ಬಿಟ್ಟುಬಿಡುವ ಹಾಗಿಲ್ಲ. ನನ್ನ ಮುಖ್ಯ ಮಾತು ಇರುವುದು ಇಲ್ಲೇ. ಉದುರುವ ಕೂದಲು ಕೆಲವೊಮ್ಮೆ ಒಳಗಿನ ಬೇರೆ ಕೊರತೆಯನ್ನು ತೋರಿಸುತ್ತಿರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು 48 ಶೇಕಡಾ ಮಂದಿಗೆ ರಕ್ತಹೀನತೆ ಇದೆ. ಅಂದರೆ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರಿಗೆ. ಹೆರಿಗೆಯಲ್ಲಿ ರಕ್ತ ಹೆಚ್ಚು ಹೋದವರಿಗೆ, ಒಂದರ ಹಿಂದೆ ಒಂದು ಹೆತ್ತವರಿಗೆ ಕಬ್ಬಿಣಾಂಶ ಇನ್ನೂ ಕಡಿಮೆ. ಹೆರಿಗೆಯ ನಂತರ ಥೈರಾಯ್ಡ್ ಏರುಪೇರಾಗುವುದೂ ಉಂಟು. ತಲೆ ಸುತ್ತು, ಎದೆ ಡವಡವ, ಮೆಟ್ಟಿಲು ಹತ್ತಿದರೆ ಏದುಸಿರು, ತಡೆಯಲಾಗದ ಸುಸ್ತು ಇದ್ದರೆ, ಒಂದು ವರ್ಷ ಕಳೆದರೂ ಉದುರುವುದು ನಿಲ್ಲದಿದ್ದರೆ, ನಾಣ್ಯದ ಆಕಾರದಲ್ಲಿ ಬೋಳು ಕಂಡರೆ, ತಲೆಯಲ್ಲಿ ಕೀವು, ತುರಿಕೆ ಇದ್ದರೆ ತಡ ಮಾಡಬೇಡಿ. ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ತುಮಕೂರಿನ ಜಿಲ್ಲಾಸ್ಪತ್ರೆಯಲ್ಲಿ ಕೇಳಿ. ಫೆರಿಟಿನ್ ಬೇಕೋ ಎಂದು ಡಾಕ್ಟರರು ಹೇಳುತ್ತಾರೆ.

ಸರಕಾರದ ಕ್ರಮದ ಪ್ರಕಾರ ಕಬ್ಬಿಣಾಂಶದ ಮಾತ್ರೆ ಬಸುರಿಯಿದ್ದಾಗ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ತೆಗೆದುಕೊಳ್ಳಬೇಕು. ನಮ್ಮ ಮನೆಗಳಲ್ಲಿ ಹೆರಿಗೆಯಾದ ದಿನಕ್ಕೇ ಆ ಡಬ್ಬಿ ಕಪಾಟಿನ ಮೇಲೆ ಹೋಗುತ್ತದೆ. ಹೊಟ್ಟೆ ಕಟ್ಟುತ್ತದೆ, ಮಲ ಕಪ್ಪಾಗುತ್ತದೆ ಎಂದು ಹೆದರುತ್ತಾರೆ. ಕಪ್ಪಾಗುವುದು ಸಹಜ, ಅಪಾಯವಿಲ್ಲ. ಹೊಟ್ಟೆ ಕಟ್ಟಿದರೆ ಡಾಕ್ಟರರಿಗೆ ಹೇಳಿ, ಮಾತ್ರೆ ಬಿಡಬೇಡಿ. ಇನ್ನೊಂದು, ನಮಗೆ ಊಟ ಆದ ಕೂಡಲೇ ಚಾ ಬೇಕು. ಆ ಚಾ ಊಟದ ಮತ್ತು ಮಾತ್ರೆಯ ಕಬ್ಬಿಣಾಂಶವನ್ನು ದೇಹಕ್ಕೆ ಸೇರಲು ಬಿಡುವುದಿಲ್ಲ. ಒಂದು ಗಂಟೆಯಾದರೂ ಬಿಟ್ಟು ಕುಡಿಯಿರಿ. ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿಗೆ ತೆಗೆದುಕೊಳ್ಳಿ. ಮಾತ್ರೆಯ ಜೊತೆ ಲಿಂಬೆ ಶರ್ಬತ್ತು ಒಳ್ಳೆಯದು.

ಬಾಣಂತಿಗೆ ಅದು ತಿನ್ನಬಾರದು, ಇದು ತಿನ್ನಬಾರದು ಎಂದು ಪಥ್ಯ ಮಾಡಿಸುವ ಮನೆಗಳಿವೆ. ಹಾಲು ಕೊಡುವವಳಿಗೆ ಬೇರೆಯವರಿಗಿಂತ ಜಾಸ್ತಿ ಊಟ ಬೇಕು. ಬೂತಾಯಿ, ಬಂಗುಡೆ ಇಲ್ಲಿ ದುಬಾರಿಯಾದರೆ ಮೊಟ್ಟೆ ಇದೆ, ಹುರುಳಿ ಇದೆ, ನುಗ್ಗೆ ಸೊಪ್ಪು ಇದೆ, ರಾಗಿ ಇದೆ. ನಮ್ಮ ನೆಲಕಡಲೆಗೆ ಇಲ್ಲಿ ಕಡಲೇಕಾಯಿ ಅನ್ನುತ್ತಾರೆ, ಬೇಕಷ್ಟು ಸಿಗುತ್ತದೆ. 2017ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರಿಗೆ ಮತ್ತು ಹೆರಿಗೆಯಾಗಿ ಆರು ತಿಂಗಳವರೆಗಿನ ತಾಯಂದಿರಿಗೆ ಅಂಗನವಾಡಿಯಲ್ಲಿ ಅನ್ನ, ಸಾಂಬಾರು, ಮೊಟ್ಟೆ, ಹಾಲು, ಚಿಕ್ಕಿ ಎಂದು ನಿಗದಿ ಮಾಡಲಾಗಿದೆ. "ಅದು ಬಡವರಿಗೆ" ಎಂದು ನಾಚಿಕೆಪಡುವವರು ನಮ್ಮಲ್ಲಿದ್ದಾರೆ. ಅದು ತಾಯಂದಿರ ಹಕ್ಕು. ಬೀದಿಯ ಅಂಗನವಾಡಿಗೆ ಹೋಗಿ ಹೆಸರು ಬರೆಸಿ.

ದೀನಿನ ಕಡೆಯಿಂದ ಬರುವ ಪ್ರಶ್ನೆಗಳಿಗೂ ಉತ್ತರ ಹೇಳಬೇಕು, ಏಕೆಂದರೆ ಎಷ್ಟೋ ಹುಡುಗಿಯರು ಕೂದಲಿಗಿಂತ ಹೆಚ್ಚಾಗಿ ಇದಕ್ಕೆ ಹೆದರುತ್ತಾರೆ. ನಿಫಾಸಿನಲ್ಲಿ ತಲೆ ಬಾಚಬಾರದೇ? ಬಾಚಬಹುದು. ಹಜ್ ಯಾತ್ರೆಯಲ್ಲಿ ಮುಟ್ಟಾಗಿದ್ದ ಆಯಿಶಾ(ರ) ಅವರಿಗೆ ಜಡೆ ಬಿಚ್ಚಿ ತಲೆ ಬಾಚಿಕೊಳ್ಳಲು ಪ್ರವಾದಿಯವರು(ಸ) ಹೇಳಿದ್ದು ಬುಖಾರಿಯಲ್ಲಿದೆ. ಆ ದಿನಗಳಲ್ಲಿ ಬೇಕೆಂದೇ ಕೂದಲು ಕತ್ತರಿಸದಿರುವುದು ಒಳ್ಳೆಯದು ಎಂದು ನಮ್ಮ ಶಾಫಿಈ ಗ್ರಂಥಗಳಲ್ಲಿದೆ. ಆದರೆ ತನ್ನಿಂದ ತಾನೇ ಉದುರಿದ್ದಕ್ಕೆ ಅವಳ ಮೇಲೆ ಏನೂ ಇಲ್ಲ. ಒಂದೊಂದು ಎಳೆಯನ್ನೂ ಕೂಡಿಟ್ಟು, ಎಣಿಸಿ, ಗುಸ್ಲ್‌ನಲ್ಲಿ ತೊಳೆಯುವುದು ಕಡ್ಡಾಯವಲ್ಲ. ಬಾಚಣಿಗೆಯ ಕೂದಲನ್ನು ಬೀದಿಗೆ ಹಾರಲು ಬಿಡದೆ ಹೂಳುವುದು ಒಳ್ಳೆ ಕ್ರಮ, ಅಷ್ಟು ಸಾಕು.

ಬೇರೆಯವರ ಕೂದಲು ಜೋಡಿಸಬಹುದೇ? ಮನುಷ್ಯರ ಕೂದಲನ್ನು ಜೋಡಿಸುವುದು ನಮ್ಮ ಮದ್‌ಹಬ್‌ನಲ್ಲಿ ನಿಷಿದ್ಧ. ಈ ವಿಧಿ ಬಂದ ಸಂದರ್ಭವನ್ನು ನೋಡಿ. ಅನ್ಸಾರಿಗಳ ಪೈಕಿ ಹೊಸದಾಗಿ ಮದುವೆಯಾದ ಒಬ್ಬ ಹುಡುಗಿಗೆ ಕಾಯಿಲೆಯಾಗಿ ಕೂದಲು ಉದುರಿತ್ತು, ಮನೆಯವರು ಕೂದಲು ಜೋಡಿಸಲು ಕೇಳಿದ್ದರು. ಅಂದರೆ ಕಾಯಿಲೆಯಲ್ಲಿ ಹುಡುಗಿಯ ಕೂದಲು ಹೋಗುವುದು ಆ ಕಾಲದಲ್ಲೂ ಇತ್ತು. ಟೈಫಾಯಿಡ್, ಡೆಂಗಿ, ಕೋವಿಡ್ ಬಂದು ಹೋದ ಮೇಲೆ ಹಲವರಿಗೆ ಉದುರುವುದೂ ಇದೇ ರೀತಿ. ನಿಷೇಧ ಇರುವುದು ಜೋಡಿಸುವುದಕ್ಕೆ, ಚಿಕಿತ್ಸೆಗೆ ಅಲ್ಲ. ಕೂದಲು ಇದ್ದವರು ಅದನ್ನು ಚೆನ್ನಾಗಿ ನೋಡಿಕೊಳ್ಳಲಿ ಎಂಬ ಅರ್ಥದ ಹದೀಸ್ ಅಬೂದಾವೂದ್‌ನಲ್ಲಿದೆ. ಹಾಗಾಗಿ ಕೂದಲ ಬಗ್ಗೆ ಬೇಸರಪಡುವ ಹುಡುಗಿಗೆ "ನಿನಗೆ ದುನಿಯಾದ ಆಸೆ ಜಾಸ್ತಿ" ಎಂದು ಬೈಯುವುದು ದೀನ್ ಅಲ್ಲ.

ಹಿಜಾಬಿನಿಂದ ಕೂದಲು ಹೋಗುತ್ತದೆ ಎಂಬ ಮಾತೂ ಕಿವಿಗೆ ಬೀಳುತ್ತದೆ. ಬಟ್ಟೆ ಹೊದೆದರೆ ಬೇರಿಗೆ ಏನೂ ಆಗುವುದಿಲ್ಲ. ಆದರೆ ಒದ್ದೆ ತಲೆಯ ಮೇಲೆ ಕ್ಯಾಪ್ ಹಾಕುವುದು, ಕೂದಲನ್ನು ಎಳೆದು ಬಿಗಿಯಾಗಿ ಗಂಟು ಹಾಕುವುದು ಒಳ್ಳೆಯದಲ್ಲ. ವರ್ಷಗಟ್ಟಲೆ ಎಳೆದು ಕಟ್ಟಿದರೆ ಹಣೆಯ ಅಂಚಿನ ಕೂದಲು ಶಾಶ್ವತವಾಗಿ ಹೋಗಲೂಬಹುದು. ಸಡಿಲವಾಗಿ ಕಟ್ಟಿ, ಮನೆಯಲ್ಲಿದ್ದಾಗ ಬಿಚ್ಚಿ ಗಾಳಿಯಾಡಲು ಬಿಡಿ.

ಮೊಬೈಲಿನಲ್ಲಿ ಬರುವ ಎಣ್ಣೆ, ಪುಡಿ, ಕ್ಯಾಪ್ಸೂಲಿನ ಬಗ್ಗೆಯೂ ಎಚ್ಚರ ಇರಲಿ. ಈ ತರಹದ ಉದುರುವಿಕೆ ಹೇಗೂ ಕೆಲವು ತಿಂಗಳಲ್ಲಿ ನಿಲ್ಲುವುದರಿಂದ ಆಗ ಹಚ್ಚುತ್ತಿದ್ದ ಎಣ್ಣೆಗೆ ಹೆಸರು ಬರುತ್ತದೆ. ಮನೆಯ ತೆಂಗಿನೆಣ್ಣೆ ಹಚ್ಚಿ, ತೊಂದರೆಯಿಲ್ಲ. ಮಿನಾಕ್ಸಿಡಿಲ್‌ನಂಥ ಔಷಧವನ್ನು ಹಾಲುಣಿಸುವ ತಾಯಿ ಡಾಕ್ಟರರನ್ನು ಕೇಳದೆ ಹಚ್ಚಬಾರದು. ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ರಕ್ತ ಪರೀಕ್ಷೆಗೆ ಮೊದಲು ಹೇಳಿ, ಥೈರಾಯ್ಡ್ ಲೆಕ್ಕ ತಪ್ಪಾಗಿ ಬರಬಹುದು.

ಇನ್ನು ಗಂಡಂದಿರಿಗೆ ಒಂದು ಮಾತು. ತಾಯಿ ಎರಡು ವರ್ಷ ಹಾಲುಣಿಸುವ ವಿಷಯ ಹೇಳುವ ಅಲ್‌ಬಕರ ಸೂರಾದ 233ನೇ ಆಯತ್ತಿನಲ್ಲೇ ಅವಳ ಅನ್ನ, ಬಟ್ಟೆಯ ಹೊಣೆಯನ್ನು ತಂದೆಯ ಮೇಲೆ ಇಡಲಾಗಿದೆ. ಹೆರಿಗೆಯಿಂದ ಮುಂದಿನ ಬಸಿರಿಗೆ ಕನಿಷ್ಠ 24 ತಿಂಗಳ ಅಂತರ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಅದೇ ಎರಡು ವರ್ಷ. ಅಂಗಡಿ ಮುಚ್ಚಿ ರಾತ್ರಿ ಹತ್ತೂವರೆಗೆ ಮನೆಗೆ ಬರುವವನಿಗೆ ಸುಸ್ತಿರುತ್ತದೆ, ನಿಜ. ಆದರೆ ಉಮ್ಮ, ತಂಗಿಯರು ಮುನ್ನೂರು ಕಿಲೋಮೀಟರ್ ದೂರದಲ್ಲಿದ್ದು, ಬಾಡಿಗೆ ಮನೆಯಲ್ಲಿ ಕೂಸಿನ ಜೊತೆ ಬೆಳಿಗ್ಗೆಯಿಂದ ಒಬ್ಬಳೇ ಇದ್ದವಳಿಗೆ ಮಾತಾಡಲು ಇರುವವನೂ ಅವನೊಬ್ಬನೇ. ಒಂದು ಗಂಟೆ ಮಗುವನ್ನು ಹಿಡಿದು ಅವಳಿಗೆ ಸ್ನಾನಕ್ಕೆ, ನಿದ್ದೆಗೆ ಬಿಡಿ. ಅವಳು ಕಾರಣವಿಲ್ಲದೆ ಅಳುತ್ತಿದ್ದರೆ, ಮಗು ಮಲಗಿದರೂ ನಿದ್ದೆ ಬಾರದಿದ್ದರೆ, "ನಾನು ಯಾಕೆ ಬದುಕಿರಬೇಕು" ಎಂಬಂಥ ಮಾತು ಬಂದರೆ ಅದನ್ನು ಶೈತಾನನ ವಸ್‌ವಾಸ್ ಎಂದು ಮಾತ್ರ ತಳ್ಳಿಹಾಕಬೇಡಿ. ಅದು ಚಿಕಿತ್ಸೆ ಇರುವ ಕಾಯಿಲೆ. ಸರಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಉಚಿತವಾಗಿ ಮಾತಾಡುತ್ತಾರೆ. ಡಾಕ್ಟರರ ಬಳಿಗೂ ಕರಕೊಂಡು ಹೋಗಿ.

ಅತ್ತೆಯಂದಿರು, ನಾದಿನಿಯರು, ನೆರೆಮನೆಯ ಹಿರಿಯರು ಒಂದು ಉಪಕಾರ ಮಾಡಿ. ಚಿಕ್ಕ ಮಗುವಿರುವ ಹುಡುಗಿ ಸಿಕ್ಕಿದರೆ ಅವಳ ತಲೆ ನೋಡಿ ಮಾತು ಶುರು ಮಾಡಬೇಡಿ. "ಊಟ ಆಯ್ತಾ ಮಗಳೇ, ಮಾತ್ರೆ ತಗೊಳ್ತಾ ಇದ್ದೀಯಾ?" ಎಂದು ಕೇಳಿ. ಜುಮಾ ದಿನ ಖತೀಬರು, ಮದ್ರಸದ ತಾಯಂದಿರ ಸಭೆಯಲ್ಲಿ ನಾವು ಉಸ್ತಾದರುಗಳು ಈ ವಿಷಯಕ್ಕೆ ಹತ್ತು ನಿಮಿಷ ಕೊಟ್ಟರೆ ಸಮಯ ಹಾಳಾಗುವುದಿಲ್ಲ. ವರ್ಷಕ್ಕೊಮ್ಮೆ ಜಮಾಅತ್ ವತಿಯಿಂದ ಹೆಂಗಸರಿಗೆ ರಕ್ತ ಪರೀಕ್ಷೆಯ ಶಿಬಿರ ಇಡುವುದು ಒಂದು ಹೊತ್ತಿನ ಬಿರಿಯಾನಿಗಿಂತ ದೊಡ್ಡ ಖರ್ಚಲ್ಲ.

ನಮ್ಮ ಮಕ್ಕಳಿಗಾಗಿ ದಣಿಯುವ ಎಲ್ಲ ತಾಯಂದಿರಿಗೆ ಅಲ್ಲಾಹನು ಆರೋಗ್ಯವನ್ನೂ, ಅವರ ಸುತ್ತ ಇರುವ ನಮಗೆ ಒಳ್ಳೆಯ ನಾಲಗೆಯನ್ನೂ ಕೊಡಲಿ. ಆಮೀನ್.