ಜಾಡುಗಾರನನ್ನು ಜಾದೂಗಾರ ಮಾಡಬೇಡಿ!



ಒಂದು ಅಕ್ಷರ ತಪ್ಪಿದರೆ ಏನಾಗುತ್ತದೆ ಅಂತ ಪ್ರೆಸ್ಸಿನವನನ್ನು ಕೇಳಬೇಕು. ಲಗ್ನಪತ್ರಿಕೆಯಲ್ಲಿ ಒಂದು ಕೊಂಬು ಬಿಟ್ಟುಹೋದರೆ ಬೀಗರಿಬ್ಬರೂ ಸೇರಿ ನನ್ನ ಕೊರಳಪಟ್ಟಿ ಹಿಡಿಯುತ್ತಾರೆ. ಆದರೆ ಈಚೆಗೆ ನನ್ನ ಪ್ರೆಸ್ಸಿನಲ್ಲಿ ಆದ ಒಂದು ಅಕ್ಷರದ ತಪ್ಪು, ತಪ್ಪೇ ಅಲ್ಲ, ಸತ್ಯ ಅನ್ನಿಸಿಬಿಟ್ಟಿತು. ಅದಕ್ಕೇ ಈ ಲೇಖನ.

ನಾಲ್ಕು ಜನ ಹುಡುಗರು ಬಂದಿದ್ದರು, ಇಂಜಿನಿಯರಿಂಗ್ ಓದುವವರು. ಹದಿನಾರು ಪುಟದ ಪುಸ್ತಿಕೆ, ಐವತ್ತು ಪ್ರತಿ ಬೇಕು ಅಂದರು. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟಕ್ಕಂತೆ. 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಟ. ಮೇಜಿನ ಸುತ್ತ ಕೂತು ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರ ಹಿಡಿದು ದಾಳ ಉರುಳಿಸುತ್ತಾ ಆ ಕಥೆಯೊಳಗೆ ಬದುಕುತ್ತಾರೆ. ಒಬ್ಬ ಕತ್ತಿ ಹಿಡಿದವನು, ಒಬ್ಬ ಮಂತ್ರವಾದಿ, ಒಬ್ಬ ಕಳ್ಳ. ಇನ್ನೊಬ್ಬ ರೇಂಜರ್, ಅಂದರೆ ಕಾಡು ಬಲ್ಲ ಯೋಧ. ಕಂಪನಿಯ ರೇಂಜರ್ ಸರಿಯಿಲ್ಲ ಅಂತ ಈ ಹುಡುಗರು ತಾವೇ ಹೊಸದಾಗಿ, ಅದೂ ಕನ್ನಡದಲ್ಲಿ, ಅವನನ್ನು ರೂಪಿಸಿದ್ದರು. ನಮ್ಮಲ್ಲಿ ರೇಂಜರ್ ಅಂದರೆ ಖಾಕಿ ತೊಟ್ಟ ಅರಣ್ಯಾಧಿಕಾರಿ ನೆನಪಾಗುತ್ತಾನೆ ಅಂತ ‘ಜಾಡುಗಾರ’ ಎಂದು ಹೆಸರಿಟ್ಟಿದ್ದರು. ಭೇಷ್ ಅಂದುಕೊಂಡೆ.

ಡಿ.ಟಿ.ಪಿ. ಮಾಡುವ ಹುಡುಗಿ ಅದನ್ನು ಉದ್ದಕ್ಕೂ ‘ಜಾದೂಗಾರ’ ಅಂತ ಹೊಡೆದಿದ್ದಳು. ಕೆಂಪು ಪೆನ್ನು ಹಿಡಿದು ತಿದ್ದುತ್ತಾ ಹೋದೆ. ಹತ್ತನೇ ಪುಟಕ್ಕೆ ಬರುವಷ್ಟರಲ್ಲಿ ಪೆನ್ನು ನಿಂತುಹೋಯಿತು. ಇಡೀ ಪುಸ್ತಿಕೆಯಲ್ಲಿ ಮಂತ್ರದ ಬಾಣ, ಮಂತ್ರದ ಗುರುತು, ಒಂದು ದಾಳದ ಜಾಗದಲ್ಲಿ ಎರಡು ದಾಳ. ಹೆಜ್ಜೆಯಿಲ್ಲ, ಜಾಡಿಲ್ಲ, ಕಾಡೇ ಇಲ್ಲ! ಹಾಗಾದರೆ ತಪ್ಪಿದ್ದು ಯಾರು? ನನ್ನ ಡಿ.ಟಿ.ಪಿ. ಹುಡುಗಿಯೇ, ಬರೆದ ಹುಡುಗರೇ?

‘ಅಂಕಲ್, ನೀವು ಒಂದ್ಸಲ ಆಡಿ ನೋಡಿ, ಆಮೇಲೆ ಹೇಳಿ’ ಅಂದರು. ಆರು ಭಾನುವಾರ ಅವರ ಜೊತೆ ಕೂತು ಆಡಿದೆ. ಇಂಗ್ಲಿಷ್ ನಿಯಮಗಳನ್ನು ಅವರಿಂದಲೇ ಓದಿಸಿ ಅರ್ಥ ಮಾಡಿಕೊಂಡೆ. ಪಿಯುಸಿ ಓದಿದವನು ನಾನು. ಆದರೆ ಪ್ರೂಫ್ ನೋಡುವವನಿಗೆ ಎಲ್ಲಿ ಏನು ಬಿಟ್ಟುಹೋಗಿದೆ ಅನ್ನುವುದು ಬೇಗ ಕಾಣುತ್ತದೆ.

ಈ ರೇಂಜರ್ ಆಟದೊಳಗೆ ಬಂದದ್ದು 1975ರಲ್ಲಿ. ಅವನಿಗೆ ಮಾದರಿ ಟೋಲ್ಕಿನ್ ಬರೆದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನ ಅರಗಾರ್ನ್. ಆ ಅರಗಾರ್ನ್ ಏನು ಮಾಡುತ್ತಾನೆ? ವೈರಿಗಳು ಹೊತ್ತೊಯ್ದ ಗೆಳೆಯರನ್ನು ಹುಲ್ಲಿನ ಮೇಲಿನ ಹೆಜ್ಜೆ, ಕತ್ತರಿಸಿ ಬಿದ್ದ ಹಗ್ಗ ಇವನ್ನು ಓದಿಯೇ ಹಿಂಬಾಲಿಸುತ್ತಾನೆ. ಯಾರೂ ಲೆಕ್ಕಕ್ಕಿಡದ ಒಂದು ಸೊಪ್ಪಿನಿಂದ ಗಾಯಾಳುಗಳನ್ನು ಬದುಕಿಸುತ್ತಾನೆ. ಅವನ ಕೈಯಲ್ಲಿ ಕತ್ತಿಯೂ ಇದೆ. ಆದರೆ ಅವನು ಅರಗಾರ್ನ್ ಆದದ್ದು ಕಣ್ಣಿನಿಂದ. ಮೊದಲ ರೇಂಜರನ ನಿಯಮವೂ ಹಾಗೇ ಇತ್ತು: ತಾನು ಹೊರಬಲ್ಲಷ್ಟನ್ನು ಮಾತ್ರ ಅವನು ಇಟ್ಟುಕೊಳ್ಳಬಹುದು. ಎಂಥ ನಿಯಮ ನೋಡಿ! ಒಂದೇ ಸಾಲಿನಲ್ಲಿ ಇಡೀ ಮನುಷ್ಯ ಕಣ್ಮುಂದೆ ನಿಲ್ಲುತ್ತಾನೆ.

ಆಮೇಲೆ ಶುರುವಾಯಿತು ರಿಪೇರಿ. 1989ರ ಆವೃತ್ತಿಯಲ್ಲಿ ಎರಡೂ ಕೈಗೆ ಆಯುಧ ಬಂತು. 2008ರಲ್ಲಿ ಮಂತ್ರ ಪೂರ್ತಿ ಹೋಯಿತು, ಬೇಟೆಗೆ ಗುರಿಯಿಟ್ಟು ಹೆಚ್ಚುವರಿ ದಾಳ ಉರುಳಿಸುವುದು ಮುಂದೆ ಬಂತು. 2014ರಲ್ಲಿ ಮಂತ್ರ ಮತ್ತೆ ಬಂತು, ಜೊತೆಗೆ ಕಾಡೂ ಬಂತು. ಆದರೆ ಬಂದ ರೀತಿ ನೋಡಿ. ಕಾಡು, ಮರುಭೂಮಿ, ಬೆಟ್ಟ, ಜೌಗು ಎಂದು ಎಂಟು ಬಗೆಯ ನೆಲ. ಅದರಲ್ಲಿ ಒಂದನ್ನು ಮೊದಲೇ ಆರಿಸಿಕೊಳ್ಳಬೇಕು. ಆ ನೆಲದ ಪಯಣದಲ್ಲಿ ಅವನ ತಂಡಕ್ಕೆ ಮಂತ್ರದಿಂದಲ್ಲದೆ ದಾರಿ ತಪ್ಪುವುದೇ ಇಲ್ಲ. ದುರ್ಗಮ ದಾರಿಯೂ ತಡೆಯುವುದಿಲ್ಲ. ಅವನು ಆಹಾರ ಹುಡುಕಿದರೆ ಎರಡು ಪಟ್ಟು ಸಿಗುತ್ತದೆ.

ಕೇಳಲು ಚೆನ್ನಾಗಿದೆ, ಅಲ್ಲವೇ? ಆಡಿ ನೋಡಿ, ಗೊತ್ತಾಗುತ್ತದೆ. ‘ಕಾಡಿಗೆ ಬಂದ್ವಿ. ಜಾಡುಗಾರ ಇದ್ದಾನೆ. ಹಾಗಾದ್ರೆ ತಲುಪಿದ್ವಿ.’ ಮುಗಿಯಿತು! ಕಾಡು ಬಲ್ಲವನು ಜೊತೆಗಿದ್ದಾನೆ ಎಂಬ ಕಾರಣಕ್ಕೇ ಕಾಡು ಆಟದಿಂದ ಮಾಯ. ಈಜು ಬಲ್ಲವನಿಗೆ ಬಹುಮಾನವಾಗಿ ಕೆರೆಯ ನೀರು ಬತ್ತಿಸಿದ ಹಾಗೆ! ಇನ್ನು ಕಾಡು ಆರಿಸಿಕೊಂಡವನ ಕಥೆ ಸಮುದ್ರಕ್ಕೆ ಹೋದರೆ ಆ ವಿದ್ಯೆಯೂ ಇಲ್ಲ. ಇನ್ನೊಂದು ಶಕ್ತಿ ಕೊಟ್ಟರು. ಒಂದು ಮೈಲಿಯೊಳಗೆ ಭೂತ, ಡ್ರ್ಯಾಗನ್ ಮೊದಲಾದ ಜಾತಿಯವು ಇವೆಯೇ ಅಂತ ತಿಳಿಯುತ್ತದೆ. ಎಲ್ಲಿವೆ? ಎಷ್ಟಿವೆ? ಅದು ಮಾತ್ರ ತಿಳಿಯುವುದಿಲ್ಲ. ಮನೆಯಲ್ಲೆಲ್ಲೋ ಹಾವಿದೆ ಅಂತ ಹೇಳಿ ಹೊರಟುಹೋಗುವ ಶಾಸ್ತ್ರಿಯ ಹಾಗೆ!

ಆಟಗಾರರು ಗೊಣಗಿದರು. ಕಂಪನಿ 2015ರಲ್ಲಿ ಒಂದು, 2016ರಲ್ಲಿ ಇನ್ನೊಂದು ಪ್ರಯೋಗದ ಕರಡು ಹೊರಡಿಸಿತು. 2020ರ ಪುಸ್ತಕದಲ್ಲಿ ಬದಲಿ ನಿಯಮಗಳು ಬಂದವು. 2024ರಲ್ಲಿ ಹೊಸ ಆವೃತ್ತಿಯೇ ಬಂತು. ಅದರ ನಡುಗಂಬ ಯಾವುದು? ‘ಹಂಟರ್ಸ್ ಮಾರ್ಕ್’ ಎಂಬ ಮಂತ್ರ! ಗುರುತಿಟ್ಟ ಶತ್ರುವಿಗೆ ಪ್ರತಿ ಏಟಿಗೂ ಆರು ಮುಖದ ಒಂದು ದಾಳ ಹೆಚ್ಚು. ಅವನನ್ನು ಹುಡುಕಲೂ ಒಂದಿಷ್ಟು ಅನುಕೂಲ. ಅದಕ್ಕೆ ಏಕಾಗ್ರತೆ ಬೇಕಾದ್ದರಿಂದ ಏಕಾಗ್ರತೆ ಬೇಡುವ ಬೇರೆ ಮಂತ್ರವನ್ನು ಜೊತೆಗೇ ನಡೆಸುವಂತಿಲ್ಲ. ತಿಂಗಳುಗಟ್ಟಲೆ ಆಡಿ ಇಪ್ಪತ್ತನೇ ಮಟ್ಟಕ್ಕೆ ಏರಿದರೆ ಸಿಗುವ ಮಹಾವರ ಏನು ಗೊತ್ತೇ? ಆರು ಮುಖದ ದಾಳದ ಬದಲು ಹತ್ತು ಮುಖದ ದಾಳ. ಸರಾಸರಿ ಲೆಕ್ಕ ಹಾಕಿ: ಮೂರೂವರೆ ಹೋಗಿ ಐದೂವರೆ. ಬೆಟ್ಟ ಅಗೆದು ಇಲಿ ಹಿಡಿದರು!

ನನಗೆ ಹೆಚ್ಚು ನೋವು ತಂದದ್ದು ಇನ್ನೊಂದು ಸಂಗತಿ. ನೀವು ಭಾಷೆಯ ವಿಷಯಕ್ಕೆ ಮಿಡಿಯುವವರು, ಗಮನಿಸಿ. 2014ರ ನಿಯಮದಲ್ಲಿ ಜಾಡುಗಾರ ಒಂದು ಜಾತಿಯ ವೈರಿಯನ್ನು ಆರಿಸಿಕೊಳ್ಳುತ್ತಿದ್ದ. ಜೊತೆಗೆ ಆ ವೈರಿಯ ಭಾಷೆಯೊಂದನ್ನೂ ಕಲಿಯುತ್ತಿದ್ದ. ಯಾರನ್ನು ಎದುರಿಸುತ್ತೀಯೋ ಅವರ ಮಾತು ಕಲಿ ಎಂಬುದು ಒಂದು ಸಾಲಿನಲ್ಲಿ ಅಡಗಿತ್ತು. 2024ರಲ್ಲಿ ‘ಮೆಚ್ಚಿನ ವೈರಿ’ ಎಂಬ ಹೆಸರು ಹಾಗೇ ಉಳಿದಿದೆ. ಒಳಗೆ ಇರುವುದು ಅದೇ ಗುರುತಿನ ಮಂತ್ರವನ್ನು ಪುಕ್ಕಟೆ ಹಾಕುವ ಸೌಲಭ್ಯ! ಭಾಷೆ ಬೇರೆ ಕಡೆಗೆ ಹೋಯಿತು. ಎರಡನೇ ಮಟ್ಟದಲ್ಲಿ ನಿಮಗೆ ಬೇಕಾದ ಎರಡು ಭಾಷೆ ತಗೊಳ್ಳಿ ಅಂತ. ಭಾಷೆಯೇನೋ ಹೆಚ್ಚಾಯಿತು, ಅದನ್ನು ಕಲಿಯಲು ಇದ್ದ ಕಾರಣ ಸತ್ತುಹೋಯಿತು.

ಹುಡುಗರ ವಾದವನ್ನೂ ಹೇಳಬೇಕು. ‘ಅಂಕಲ್, ನಮ್ಮ ಆಟದ ಅರ್ಧಕ್ಕಿಂತ ಹೆಚ್ಚು ಹೊತ್ತು ಕಾಳಗದಲ್ಲೇ ಹೋಗುತ್ತೆ. ಅಲ್ಲಿ ಬಲವಿಲ್ಲದಿದ್ರೆ ಜಾಡುಗಾರ ಸುಮ್ನೆ ಕೂತಿರ್ಬೇಕಾಗುತ್ತೆ’ ಅಂದರು. ನಿಜವೇ. ಮೇಜಿಗೆ ಬಂದವನು ಪೆಚ್ಚಾಗಿ ಕೂರಬಾರದು. ಆದರೆ ಕತ್ತಿಯವನಿಗಿಂತ ಒಂದು ಗುಲಗಂಜಿ ಹೆಚ್ಚು ಹೊಡೆಯುವವನನ್ನು ಮಾಡಿದರೆ ಕತ್ತಿಯವರು ಇಬ್ಬರಾದರು, ಜಾಡುಗಾರ ಬರಲಿಲ್ಲ. ಅವನ ಬಲವೂ ಅವನ ಅರಿವಿನಿಂದಲೇ ಬರಬೇಕು.

ಅದಕ್ಕೆ ನಾನು ಹೇಳಿದ್ದು ಇಷ್ಟು. ‘ದಾರಿ ತಪ್ಪುವುದಿಲ್ಲ’ ಎಂಬ ವರ ತೆಗೆದುಹಾಕಿ. ಬದಲಿಗೆ ಪ್ರಶ್ನೆ ಕೇಳುವ ಹಕ್ಕು ಕೊಡಿ. ಹೊಸ ಜಾಗಕ್ಕೆ ಕಾಲಿಟ್ಟಾಗ ಅವನು ಎರಡು ಪ್ರಶ್ನೆ ಕೇಳಲಿ. ಇಲ್ಲಿ ಯಾರು ಹಾದುಹೋದರು? ಇಲ್ಲಿರಬೇಕಾದ್ದು ಯಾವುದು ಇಲ್ಲ? ಆಟ ನಡೆಸುವವನು ಸತ್ಯವನ್ನೇ ಹೇಳಬೇಕು. ನೆಲವನ್ನು ಮೊದಲೇ ಆರಿಸುವುದು ಬೇಡ. ಒಂದು ಹಗಲು, ಒಂದು ರಾತ್ರಿ ಅಲ್ಲಿ ಕಳೆದರೆ ಆ ನೆಲ ಅವನದು.

ಗುರುತಿನ ಮಂತ್ರದ ಜಾಗದಲ್ಲಿ ಪಾತ್ರದ ಹಾಳೆಯ ಮೇಲೆ ನಾಲ್ಕು ಖಾಲಿ ಗೆರೆ ಹಾಕಿ: ವೈರಿಯ ದಾರಿ, ವೈರಿಯ ಊಟ, ವೈರಿಯ ಭಯ, ವೈರಿಯ ಮಾತು. ಆಟದಲ್ಲಿ ದುಡಿದು ಒಂದೊಂದು ಗೆರೆ ತುಂಬಬೇಕು. ತುಂಬಿದ ಪ್ರತಿ ಗೆರೆಯನ್ನು ಕಾಳಗದಲ್ಲಿ ಒಮ್ಮೆ ಬಳಸಬಹುದು. ದಾರಿ ಗೊತ್ತಿದ್ದರೆ ಕಾಳಗದ ಜಾಗ ನಿನ್ನ ಆಯ್ಕೆ. ಭಯ ಗೊತ್ತಿದ್ದರೆ ಅವನು ಒಂದು ಸರದಿ ಹಿಂಜರಿಯುತ್ತಾನೆ.

ಮೊದಲ ಸಲ ಇದನ್ನು ಆಡಿದಾಗ ಕೆಟ್ಟುಹೋಯಿತು, ಒಪ್ಪಿಕೊಳ್ಳುತ್ತೇನೆ. ಜಾಡುಗಾರ ಒಬ್ಬನೇ ಕೇಳುತ್ತಾ ಕೂತ, ಉಳಿದ ಮೂವರು ಆಕಳಿಸಿದರು. ತಿದ್ದಿದೆವು. ಮೂರನೆಯ ಪ್ರಶ್ನೆ ಸೇರಿಸಿ, ಅದನ್ನು ಜೊತೆಗಾರರಲ್ಲಿ ಒಬ್ಬರು ಕೇಳಬೇಕು ಎಂದು ಮಾಡಿದೆವು. ಮುಂದಿನ ವಾರ ಒಂದು ಸೇತುವೆಯ ಮೇಲೆ ಗಾಬ್ಲಿನ್‌ಗಳ ಕಾವಲಿತ್ತು. ಅವರ ಮಾತು ಬಲ್ಲ ಜಾಡುಗಾರ ಪೊದೆಯಲ್ಲಿ ಮಲಗಿ ಕೇಳಿಸಿಕೊಂಡ. ಕಾವಲಿನವರಿಗೆ ಎರಡು ದಿನದಿಂದ ಊಟವಿಲ್ಲ! ತಂಡದವರು ಬುತ್ತಿ ಬಿಚ್ಚಿದರು, ಸೇತುವೆ ದಾಟಿದರು. ಒಂದೂವರೆ ಗಂಟೆ, ಒಂದು ಏಟೂ ಬೀಳಲಿಲ್ಲ, ಯಾರೂ ಮೊಬೈಲ್ ಮುಟ್ಟಲಿಲ್ಲ.

ಆ ಹೊತ್ತಿನಲ್ಲಿ ಇನ್ನೊಂದು ಕಂಡೆ. ಹುಡುಗ ‘ಅನಿಮಲ್ ಡ್ರಾಪಿಂಗ್ಸ್ ಇದೆಯಾ?’ ಅಂತ ಕೇಳಿದ. ಲೋ ಮಗಾ, ಆನೆಯದಾದರೆ ಲದ್ದಿ, ಆಡಿನದಾದರೆ ಹಿಕ್ಕೆ, ಹಸುವಿನದಾದರೆ ಸಗಣಿ! ಯಾವ ಪ್ರಾಣಿ ಅಂತ ನಮ್ಮ ಮಾತೇ ಹೇಳಿಬಿಡುತ್ತದೆ. ಜಾಡು ಹಿಡಿಯುವ ಪಾತ್ರಕ್ಕೆ ಇದಕ್ಕಿಂತ ಒಳ್ಳೆಯ ಭಾಷೆ ಬೇಕೆ?

ಹೀಗೆ ತಿದ್ದಲು ಅಪ್ಪಣೆ ಬೇಕಲ್ಲ ಅನ್ನುತ್ತೀರಾ? ಬೇಡ. 2023ರ ಜನವರಿಯಲ್ಲಿ ಕಂಪನಿ ಹಳೆಯ ಪರವಾನಗಿಯನ್ನು ಬಿಗಿ ಮಾಡಹೊರಟಾಗ ಆಟಗಾರರು ಸಿಡಿದೆದ್ದರು. ಕಂಪನಿ ಮಣಿಯಿತು. ಮೂಲ ನಿಯಮಗಳ ಒಂದು ದೊಡ್ಡ ಭಾಗವನ್ನು, ರೇಂಜರ್ ಸೇರಿದಂತೆ, ಎಲ್ಲರಿಗೂ ಬಿಟ್ಟುಕೊಟ್ಟಿತು. ಮೂಲ ಯಾರದೆಂದು ಅಚ್ಚು ಹಾಕಿದರೆ ಸಾಕು. ಅನುವಾದಿಸಬಹುದು, ತಿದ್ದಬಹುದು, ಮಾರಲೂಬಹುದು. ಇನ್ನೇಕೆ ತಡ?

ಗೆಳೆಯರೇ, ಆ ಪುಸ್ತಿಕೆ ಇನ್ನೂ ಅಚ್ಚಾಗಿಲ್ಲ. ಹುಡುಗರು ಮುನಿಸಿಕೊಂಡು ಪ್ರೂಫ್ ಒಯ್ದಿದ್ದಾರೆ. ಕಾಗದ ಕತ್ತರಿಸಿ ಇಟ್ಟಿದ್ದೇನೆ. ಅವರು ಇದನ್ನು ಓದುತ್ತಾರೆ ಅಂತ ಗೊತ್ತು. ಹುಡುಗ್ರಾ, ಆ ನಾಲ್ಕು ಗೆರೆ ಹಾಕಿಕೊಂಡು ಬನ್ನಿ. ಕಾಗದದ ಖರ್ಚು ಕೊಡಿ ಸಾಕು, ಅಚ್ಚಿನ ಕೂಲಿ ನನ್ನದು. ಬೇರೆ ಪ್ರೆಸ್ಸಿಗೆ ಹೋಗುವುದಾದರೂ ಹೋಗಿ, ಬೇಸರವಿಲ್ಲ. ಆದರೆ ಅಲ್ಲಿ ಹೆಸರನ್ನಾದರೂ ಸರಿಯಾಗಿ ಹಾಕಿಸಿ: ಜಾಡುಗಾರ ಅಲ್ಲ, ಜಾದೂಗಾರ!