ಚೌಕಟ್ಟು ದಾಟಿದ ಹೂವು, ಚಿಪ್ಪು

ಹದಿನೇಳನೇ ಶತಮಾನದ ಡಚ್ ಚಿತ್ರಕಾರ ಬಾಲ್ತಸಾರ್ ವಾನ್ ಡೆರ್ ಆಸ್ಟ್‌ನ ಹೂವು-ಚಿಪ್ಪುಗಳ ಚಿತ್ರ ನೋಡಿದವರು ಮೊದಲು ಮೆಚ್ಚುವುದು ಅವನ ಕೈಚಳಕವನ್ನು. ಟ್ಯುಲಿಪ್ ಎಸಳಿನ ಗೆರೆಯಾಗಲಿ, ಚಿಪ್ಪಿನ ಮೈಮೇಲಿನ ಚುಕ್ಕೆಯಾಗಲಿ ಒಂದಿಷ್ಟೂ ಹದ ತಪ್ಪಿಲ್ಲ. ಆದರೆ ಆ ಮೇಜಿನ ಮೇಲಿರುವ ಹೆಚ್ಚಿನವು ಆ ನೆಲದವಲ್ಲ. ಟ್ಯುಲಿಪ್ ಯುರೋಪಿಗೆ ತುರ್ಕಿಯಿಂದ ಬಂದದ್ದು. 1602ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ ಮೇಲೆ ಮೆಣಸು, ಲವಂಗದ ಜೊತೆ ದೂರದ ಕಡಲುಗಳ ಚಿಪ್ಪುಗಳೂ ಹಡಗೇರಿ ಶ್ರೀಮಂತರ ಸಂಗ್ರಹ ಸೇರಿದವು. ಬೇರೆ ಬೇರೆ ಋತುವಿನ ಹೂಗಳೂ ಚಿತ್ರದಲ್ಲಿ ಒಂದೇ ಹೂಜಿಯಲ್ಲಿ ಅರಳಿವೆ. ಬೇರಿಲ್ಲದ ಹೂವು, ಜೀವವಿಲ್ಲದ ಚಿಪ್ಪು. ಚೆಲುವನ್ನು ಅದರ ಜಾಗದಿಂದ ಕಿತ್ತು ತಂದು ಕಣ್ಣಮುಂದೆ ಇಟ್ಟುಕೊಳ್ಳುವ ಈ ಅಭಿರುಚಿಯ ಸಾಲವನ್ನು ಸಕಲೇಶಪುರ, ಆಲೂರಿನ ಗುಡ್ಡಗಳು ಇಂದಿಗೂ ತೀರಿಸುತ್ತಿವೆ ಎಂಬುದು ನನ್ನ ವಾದ.

ಮೊದಲು ಹೂವು. ಉಷ್ಣವಲಯದ ಅಮೆರಿಕದ ಲಂಟಾನವನ್ನು ಯುರೋಪಿಗೆ ಒಯ್ದವರಲ್ಲಿ ಡಚ್ಚರು ಮೊದಲಿಗರು. ಅಲ್ಲಿನ ಗಾಜಿನ ಮನೆಗಳಲ್ಲಿ ಅದರ ಬೆರಕೆ ತಳಿಗಳು ಹುಟ್ಟಿದವು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಅದನ್ನು ಅಲಂಕಾರಕ್ಕೆಂದು ಕಲ್ಕತ್ತೆಗೆ ತಂದರು. ಮುಂದಿನ ಕೆಲಸ ಹಕ್ಕಿಗಳದ್ದು. ಕಡಿದರೆ ಬುಡದಿಂದ ಮತ್ತೆ ಚಿಗುರುವ ಈ ಪೊದೆ ಹಬ್ಬಿದ ಕಡೆ ಹುಲ್ಲು, ಬಿದಿರು ಏಳುವುದು ಕಷ್ಟ. ಕಾಡಾನೆ ತೋಟಕ್ಕೆ ಇಳಿಯುವುದಕ್ಕೆ ಕಾರಣ ಹಲವಿರಬಹುದು. ಕಾಡಿನ ಮೇವು ಕುಗ್ಗಿದ್ದು ಅವುಗಳಲ್ಲೊಂದು, ಅದರಲ್ಲಿ ಈ ಹೂವಿನ ಪಾಲೂ ಇದೆ.

ಚಿಪ್ಪಿನ ಕಥೆ ಇನ್ನೂ ನೇರ. ಆಫ್ರಿಕಾದ ದೈತ್ಯ ಬಸವನಹುಳುವನ್ನು 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತೆಗೆ ತಂದವನು ವಿಲಿಯಂ ಬೆನ್ಸನ್, ಚಿಪ್ಪುಜೀವಿಗಳ ಅಧ್ಯಯನದಲ್ಲಿ ಹೆಸರು ಮಾಡಿದ್ದ ಸಂಗ್ರಾಹಕ. ಅವನು ಖಾಲಿ ಚಿಪ್ಪನ್ನಷ್ಟೇ ತಂದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಜೀವಂತ ಹುಳು ತೋಟ ಸೇರಿತು. ಒಂದು ಸಲಕ್ಕೆ ನೂರಾರು ಮೊಟ್ಟೆಯಿಡುವ ಜೀವಿಗೆ ಮಲೆನಾಡಿನ ಮಳೆಗಾಲ ಹೇಳಿ ಮಾಡಿಸಿದಂತಿದೆ. ಕಾಫಿಯ ಎಳೆ ಚಿಗುರು, ತೊಗಟೆ, ಬಾಳೆ, ಮೆಣಸಿನ ಬಳ್ಳಿ ಯಾವುದನ್ನೂ ಅದು ಬಿಡದು. ಹಗಲು ಕಸದಡಿ ಅಡಗುವ ಹುಳುಗಳನ್ನು ಒದ್ದೆ ಗೋಣಿಚೀಲ ಹಾಸಿ ಒಟ್ಟುಗೂಡಿಸಿ, ಕೈಯಲ್ಲಿ ಆರಿಸಿ ಕೊಲ್ಲುವ ಕೆಲಸ ಬೆಳೆಗಾರರ ತಲೆಗೆ ಬಂದಿದೆ. ಆ ಕೂಲಿಯ ಲೆಕ್ಕ ಯಾವ ಸಂಗ್ರಹಾಲಯದ ಪಟ್ಟಿಯಲ್ಲೂ ಸಿಗುವುದಿಲ್ಲ.

ಕಾಫಿಯೂ ಹೊರಗಿನದೇ ಅಲ್ಲವೇ ಎಂದು ಕೇಳಬಹುದು. ಹೌದು. ನೆರಳಿಗೆ ನೆಟ್ಟ ಸಿಲ್ವರ್ ಓಕ್ ಕೂಡ ಆಸ್ಟ್ರೇಲಿಯದ್ದು. ಇದೇ ಡಚ್ಚರು 1690ರ ದಶಕದಲ್ಲಿ ಮಲಬಾರಿನಿಂದ ಜಾವಾಕ್ಕೆ ಕಾಫಿ ಸಸಿ ಒಯ್ದರು. ಹೊರಗಿನದೆಲ್ಲ ಕೆಟ್ಟದ್ದೆಂದರೆ ಸಕಲೇಶಪುರದಲ್ಲಿ ಒಲೆ ಉರಿಯದು. ಆದರೆ ಕಾಫಿಗೆ ವರ್ಷವಿಡೀ ಕಸಿ, ಗೊಬ್ಬರ, ನೆರಳು ಎಂದು ಕಾವಲಿದೆ. ಅಲ್ಲಲ್ಲಿ ಕಾಡಿಗೆ ನುಸುಳಿದರೂ ಗಿಡದ ಮೇಲೆ ಒಡೆಯನ ಕಣ್ಣಿದೆ. ಲಂಟಾನಕ್ಕೆ ಒಡೆಯರಿಲ್ಲ. ಊರು ಯಾವುದು ಎನ್ನುವುದಕ್ಕಿಂತ ಹೊಣೆ ಯಾರದು ಎನ್ನುವುದೇ ಇಲ್ಲಿ ಮುಖ್ಯ. ಲಂಟಾನದಿಂದ ಪೀಠೋಪಕರಣ ಮಾಡುವ ಮಲೆ ಮಹದೇಶ್ವರ ಬೆಟ್ಟದ ಸೋಲಿಗರ ಶ್ರಮ ದೊಡ್ಡದು, ಆದರೆ ಅದು ಹಬ್ಬುವ ವೇಗಕ್ಕೆ ಆ ಕುರ್ಚಿಗಳು ಸಾಟಿಯಲ್ಲ.

ಚಿತ್ರಕಾರನನ್ನು ದೂರುವುದು ಅನ್ಯಾಯ ಎನ್ನುವವರ ಮಾತನ್ನು ಒಪ್ಪುತ್ತೇನೆ. ವಾನ್ ಡೆರ್ ಆಸ್ಟ್ ಹೂವಿನ ಪಕ್ಕದಲ್ಲೇ ಹುಳುತಿಂದ ಎಲೆ, ಮಿಡತೆ, ಹಲ್ಲಿಗಳನ್ನೂ ಬರೆದ. ಚೆಲುವಿನ ಬೆನ್ನಿಗೇ ನಾಶವಿದೆ ಎಂಬುದು ಅವನಿಗೆ ಗೊತ್ತಿತ್ತು. ಅದನ್ನು ಮರೆತವರು ಗಿಡ ಕೊಂಡವರು.

ನಾವೂ ಮರೆಯುತ್ತಿದ್ದೇವೆ. ಕೆಂಪು ಹೂವಿಗೆ ಮರುಳಾಗಿ ನೆಡುವ ಆಫ್ರಿಕನ್ ಟ್ಯುಲಿಪ್, ಅಂದರೆ ನಮ್ಮ ಮಕ್ಕಳು ಆಡುವ ನೀರುಕಾಯಿಯ ಮರ, ಲಂಟಾನ ಮತ್ತು ಈ ಬಸವನಹುಳುವಿನ ಜೊತೆಗೇ ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಹೊರದೇಶದಿಂದ ಬರುವ ಸಸ್ಯಗಳ ತಪಾಸಣೆಗೆ 2003ರ ಸಸ್ಯ ಕ್ವಾರಂಟೈನ್ ಆದೇಶವೇನೋ ಇದೆ. ಆಗಲೇ ಒಳಗೆ ಬಂದು ನರ್ಸರಿಯಲ್ಲಿ ಕುಳಿತ ಗಿಡಕ್ಕೆ ಬಂದರಿನ ಕಾವಲು ಏನು ಮಾಡೀತು? ತೋಟಗಾರಿಕೆ ಇಲಾಖೆ ಘಟ್ಟದಲ್ಲಿ ಮಾರಬಾರದ ಅಲಂಕಾರದ ಗಿಡಗಳ ಪಟ್ಟಿ ಹೊರಡಿಸಬೇಕು. ಹೋಂಸ್ಟೇ ನೋಂದಣಿಗೆ ಪ್ರವಾಸೋದ್ಯಮ ಇಲಾಖೆ ಆ ಪಟ್ಟಿಯನ್ನು ಷರತ್ತಾಗಿಸಬೇಕು. ಅಲ್ಲಿಯವರೆಗೆ ಅಂಗಳಕ್ಕೆ ಹೂಗಿಡ ಬೇಕೆನ್ನುವವರು ಸುರಗಿ, ಸಂಪಿಗೆ, ರಂಜದ ಸಸಿ ಕೇಳಿ ತನ್ನಿ.